ಅಪ್‌ಡೇಟ್: ಮರುಬಳಕೆ ಜಲ್ಲಿ ಕಾಂಕ್ರೀಟಿನ ಮಾಡ್ಯುಲಸ್ ಜಾಸ್ತಿ ಬರುತ್ತಿದ್ದ ಕಾರಣ ಸಿಕ್ಕಿತು

ಮರುಬಳಕೆ ಜಲ್ಲಿ (ಹಳೇ ಕಾಂಕ್ರೀಟ್ ಒಡೆದು ಮಾಡಿದ್ದು) ಹಾಕಿದ ಕಾಂಕ್ರೀಟ್ ಸಿಲಿಂಡರ್‌ಗಳ ಮಾಡ್ಯುಲಸ್ (ಒತ್ತಿದರೆ ಕುಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವ ಅಳತೆ) ಅಲ್ಟ್ರಾಸಾನಿಕ್ ಪಲ್ಸ್‌ನಲ್ಲಿ, ಅಂದರೆ ಒಳಗೆ ಶಬ್ದದ ಅಲೆ ಹಾಯಿಸಿ, ಅಳೆದರೆ, ಮಷಿನ್‌ನಲ್ಲಿ ಒತ್ತಿ ಅಳೆದದ್ದಕ್ಕಿಂತ ತುಂಬಾ ಜಾಸ್ತಿ ಬರುತ್ತಿದೆ ಅಂತ ಕೇಳಿದ್ದೆನಲ್ಲ, ನೀವು ಹೇಳಿದಂತೆ ಪ್ರತಿಯೊಂದನ್ನೂ ತೂಗಿದೆ. ಪಲ್ಸ್‌ನ ವೇಗದಿಂದ ಮಾಡ್ಯುಲಸ್ ಲೆಕ್ಕ ಹಾಕಲು ಸಾಂದ್ರತೆಯೂ ಬೇಕು; ನಾನು ಸುಮ್ನೆ 2400 ಅಂತ ಹಾಕಿದ್ದ ಸಾಂದ್ರತೆ ನಿಜವಾಗಿ ಘನ ಮೀಟರಿಗೆ 2280 ಕಿಲೋ! ಪಲ್ಸ್‌ನ ವೇಗ ಸೆಕೆಂಡಿಗೆ 4 ಕಿಲೋಮೀಟರ್, ಪಾಯ್ಸನ್ ಅನುಪಾತ (ಒತ್ತಿದಾಗ ಅಡ್ಡಕ್ಕೆ ಉಬ್ಬುವ ಪ್ರಮಾಣ) 0.2 ಹಿಡಿದರೆ, 34.6 ಇದ್ದ ಮಾಡ್ಯುಲಸ್ 32.8 ಗಿಗಾಪಾಸ್ಕಲ್‌ಗೆ ಇಳಿಯಿತು.

ಒಡೆದ ಸಿಲಿಂಡರಿನಲ್ಲಿ ಜಲ್ಲಿಗೆ ಅಂಟಿದ ಹಳೇ ಗಾರೆಯ ಬೂದು ಪದರ ಕಣ್ಣಿಗೇ ಕಾಣುತ್ತದೆ. ಹಗುರವಾಗಿರುವುದು ಅದರಿಂದಲೇ. ನೀರು ಹೀರುವುದೂ ಅದೇ. ತೇವ ಇದ್ದರೆ ಪಲ್ಸ್ ಬೇಗ ಓಡುತ್ತದೆ, ಅಲ್ವಾ? ನಾನು ನೀರಿನ ತೊಟ್ಟಿಯಿಂದ ತೆಗೆದ ತಕ್ಷಣ ಅಳೆಯುತ್ತಿದ್ದೆ. ಈಗ ಎರಡೂ ಪರೀಕ್ಷೆ ಒಂದೇ ತೇವದಲ್ಲಿ ಮಾಡುತ್ತಿದ್ದೇನೆ.

ಉಳಿದ ವ್ಯತ್ಯಾಸ ಸಹಜವಾದದ್ದೇ. ಪಲ್ಸ್ ಕೊಡುವ ಒತ್ತಡ ತೀರಾ ಚಿಕ್ಕದು, ಹಾಗಾಗಿ ಡೈನಾಮಿಕ್ ಮಾಡ್ಯುಲಸ್ (ಪಲ್ಸ್‌ನಿಂದ ಸಿಗುವುದು) ಮಷಿನ್‌ನಲ್ಲಿ ಒತ್ತಿ ಅಳೆದದ್ದಕ್ಕಿಂತ ಮೇಲೆಯೇ ಇರುತ್ತದೆ. ತೂಗಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.