ಒಂದು ಲಕ್ಷ ಜನರ ಊರಿನ ತಂಡ ನ್ಯೂಯಾರ್ಕಿನ ತಂಡಗಳಿಗೆ ಸರಿಸಮನಾಗಿ ನಿಂತಿರುವುದು ಹೇಗೆ?

ಪ್ರಶ್ನೆ:
ನಾನು ಎರಡು ವರ್ಷಗಳಿಂದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ್ದೇನೆ. ಪಕ್ಕದ ಮನೆಯ ಹಿರಿಯರ ನಡುಮನೆಯಲ್ಲಿ, ಮೊಮ್ಮಕ್ಕಳ ಫೋಟೋಗಳ ಜೊತೆಗೆ, ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಷೇರು ಪತ್ರವೊಂದನ್ನು ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅದರಿಂದ ಒಂದು ಸೆಂಟ್ ಲಾಭಾಂಶವೂ ಬರುವುದಿಲ್ಲ, ಅದನ್ನು ಲಾಭಕ್ಕೆ ಮಾರಲೂ ಆಗುವುದಿಲ್ಲ ಎಂದು ಅವರು ಹೇಳಿದರು. ಗ್ರೀನ್ ಬೇ ಊರಿನ ಜನಸಂಖ್ಯೆ ಸುಮಾರು ಒಂದು ಲಕ್ಷ. ಇಂಥ ತಂಡ ಎನ್‌ಎಫ್‌ಎಲ್‌ನಲ್ಲಿ (ಈ ಆಟದ ರಾಷ್ಟ್ರೀಯ ವೃತ್ತಿಪರ ಲೀಗಿನಲ್ಲಿ) ಉಳಿದಿರುವುದು ಹೇಗೆಂದು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ 1:
ಇದರ ಗುಟ್ಟು ಟಿವಿ ಹಣದಲ್ಲಿದೆ. ಮೊದಲು ತಂಡಗಳು ಪ್ರಸಾರದ ಹಕ್ಕನ್ನು ತಾವೇ ಮಾರಿಕೊಳ್ಳುತ್ತಿದ್ದುದರಿಂದ ದೊಡ್ಡ ನಗರಗಳಿಗೆ ಸಿಂಹಪಾಲು ಸಿಗುತ್ತಿತ್ತು. ಲೀಗಿನ ಅಂದಿನ ಕಮಿಷನರ್ ಪೀಟ್ ರೋಜೆಲ್ ಎಲ್ಲರ ಹಕ್ಕನ್ನೂ ಒಟ್ಟಿಗೆ ಮಾರಿ ಹಣವನ್ನು ಸಮನಾಗಿ ಹಂಚಿಕೊಳ್ಳಲು ಮಾಲೀಕರನ್ನು ಒಪ್ಪಿಸಿದರು. ಇಂಥ ಒಟ್ಟು ಮಾರಾಟಕ್ಕೆ ಸ್ಪರ್ಧಾ ಕಾನೂನಿನ ತೊಡಕು ಎದುರಾದಾಗ, 1961ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾಯ್ದೆಯ ಮೂಲಕ ವಿನಾಯಿತಿ ನೀಡಿತು. ನ್ಯೂಯಾರ್ಕ್ ಜೈಂಟ್ಸ್ ತಂಡದ ಮಾರಾ ಕುಟುಂಬ ತನ್ನ ದೊಡ್ಡ ಪಾಲನ್ನು ಬಿಟ್ಟುಕೊಡಲು ಒಪ್ಪಿದ್ದು ನನ್ನ ದೃಷ್ಟಿಯಲ್ಲಿ ಈ ಲೀಗಿನ ಇತಿಹಾಸದ ಅತಿ ಮುಖ್ಯ ತೀರ್ಮಾನ. ಇಂದು 32 ತಂಡಗಳಿಗೂ ಸಮಪಾಲು ದೊರೆಯುತ್ತದೆ. ಪ್ಯಾಕರ್ಸ್ ತನ್ನ ಲೆಕ್ಕಪತ್ರವನ್ನು ಪ್ರತಿವರ್ಷ ಬಹಿರಂಗಪಡಿಸುವುದರಿಂದ ಟಿವಿ ಹಣವೇ ಹೆಚ್ಚಾಗಿರುವ, ಲೀಗಿನಿಂದ ಬರುವ ಒಟ್ಟು ಪಾಲು ಎಷ್ಟೆಂಬುದು ನಮಗೂ ತಿಳಿಯುತ್ತದೆ: 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಅದು 40 ಕೋಟಿ ಡಾಲರಿಗೂ ಮಿಗಿಲಾಗಿತ್ತು.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಎಲ್ಲ ಆದಾಯವೂ ಹಂಚಿಕೆಯಾಗುವುದಿಲ್ಲ. ಕ್ರೀಡಾಂಗಣದ ಐಷಾರಾಮಿ ಕೊಠಡಿಗಳ ಬಾಡಿಗೆ, ಸ್ಥಳೀಯ ಪ್ರಾಯೋಜಕರ ಹಣ ಇವೆಲ್ಲ ಬಹುಮಟ್ಟಿಗೆ ಆಯಾ ತಂಡದಲ್ಲೇ ಉಳಿಯುವುದರಿಂದ ಡಲ್ಲಾಸ್ ಕೌಬಾಯ್ಸ್‌ನಂಥ ತಂಡಗಳು ಹೆಚ್ಚು ಗಳಿಸುತ್ತವೆ. ಆದರೆ ಹೆಚ್ಚು ಗಳಿಸಿದ ಮಾತ್ರಕ್ಕೆ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುವಂತಿಲ್ಲ. 1994ರಿಂದ ಆಟಗಾರರ ಸಂಬಳಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿಯಿದ್ದು, 2025ರಲ್ಲಿ ಅದು 27.92 ಕೋಟಿ ಡಾಲರ್ ಆಗಿತ್ತು. ಪ್ರತಿವರ್ಷ ತಂಡಗಳು ಸರದಿಯಂತೆ ಕಾಲೇಜುಗಳ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗಲೂ ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೇ ಮೊದಲ ಸರದಿ.

ಉತ್ತರ 3:
ಷೇರಿನ ವಿಷಯ ಹೇಳುತ್ತೇನೆ, ನನ್ನ ಬಳಿಯೂ ಒಂದಿದೆ. ಹಣವಂತ ಮಾಲೀಕನಿಲ್ಲದ ಕಾರಣ, ಪ್ಯಾಕರ್ಸ್ ತಂಡಕ್ಕೆ ದೊಡ್ಡ ಮೊತ್ತ ಬೇಕಾದಾಗ ಅದು ಅಭಿಮಾನಿಗಳ ಮುಂದೆ ಕೈಚಾಚುತ್ತದೆ. 2021ರಲ್ಲಿ ಒಂದು ಷೇರಿನ ಬೆಲೆ 300 ಡಾಲರ್ ಇತ್ತು, ಆ ಹಣ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದ ಕೆಲಸಗಳಿಗೆಂದೇ ಮೀಸಲಾಗಿತ್ತು. ಇಂಥ ಸಮುದಾಯದ ಒಡೆತನವನ್ನು ಲೀಗಿನ ನಿಯಮಗಳು ಈಗ ಬೇರಾವ ತಂಡಕ್ಕೂ ಅನುಮತಿಸುವುದಿಲ್ಲ. ಷೇರುದಾರರಿಗೆ ಆಡಳಿತ ಮಂಡಳಿಯ ಆಯ್ಕೆಯಲ್ಲಿ ಮತ ಹಾಕುವ ಹಕ್ಕಿದೆ. ಮುಂದಿನ ವಾರ್ಷಿಕ ಸಭೆಗೆ ನಿಮ್ಮ ನೆರೆಯ ಹಿರಿಯರು ಹೊರಟರೆ, ಅಲ್ಲಿ ಏನೇನು ಚರ್ಚೆಯಾಯಿತೆಂದು ಬಂದ ಮೇಲೆ ಅವರನ್ನೇ ಕೇಳಿ ತಿಳಿಯಿರಿ.