ಹೊಸ ವೈರ್ ಹಾಕಿದ ಮೇಲೂ ಅಡುಗೆಮನೆ ಲೈಟ್ ಮಿಣುಕುತ್ತಿದೆ

ಅಂಕೋಲಾ_ಹಂಚಿನಮನೆ:
ಸಾಕಾಗಿ ಹೋಗಿದೆ. ಹೋದ ತಿಂಗಳು ಅಡುಗೆಮನೆಗೆ ಹೊಸ 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆದು ಹಳೇ ಲೈನಿಗೆ ಸೇರಿಸಿದೆವು. ಮಿಕ್ಸರ್ ಹಾಕಿದರೆ ಲೈಟ್ ಮಿಣುಕುತ್ತದೆ. ಎರಡು ಸಲ ಜಾಯಿಂಟಿನ ಟೇಪ್ ಬದಲಾಯಿಸಿದೆ. ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್) ಒಮ್ಮೆಯೂ ಟ್ರಿಪ್ ಆಗಿಲ್ಲ. ಏನು ಮಾಡಲಿ?

ಶಿರಸಿ_ತೋಟ:
ವೋಲ್ಟೇಜ್ ಕಮ್ಮಿ. ಸ್ಟೆಬಿಲೈಜರ್ ಹಾಕಿ.

ಅಂಕೋಲಾ_ಹಂಚಿನಮನೆ:
ಪಕ್ಕದ ಕೋಣೆಯಲ್ಲಿ ಸರಿ ಇದೆಯಲ್ಲ?

ಶಿರಸಿ_ತೋಟ:
ಆದರೂ ಮೀಟರ್ ಹಿಡಿದು ನೋಡಿ, 180 ವೋಲ್ಟಿಗೆ ಇಳಿದಿರುತ್ತದೆ. ನಾನು ಬಾವಿ ಪಂಪಿಗೆ ಒಂದು, ಅಡಿಕೆ ಸುಲಿಯುವ ಮಷಿನ್ನಿಗೆ ಒಂದು ಸ್ಟೆಬಿಲೈಜರ್ ಇಟ್ಟಿದ್ದೇನೆ. ನಾಲ್ಕು ವರ್ಷದಿಂದ ಏನೂ ತೊಂದರೆ ಇಲ್ಲ.

ಕಾರವಾರ_ವೈರಿಂಗ್:
ಮಾರಾಯ್ರೇ, ಸ್ಟೆಬಿಲೈಜರ್ ಸುದ್ದಿ ಆಮೇಲೆ. ಅಂಕೋಲಾದವರೇ, ಮೇನ್ ಆಫ್ ಮಾಡಿ ಹಳೇ ವೈರ್ ಕೆರೆದು ನೋಡಿ. ಅಲ್ಯೂಮಿನಿಯಂನಂತೆ ತವರ ಹಚ್ಚಿದ ತಾಮ್ರವೂ ಮೇಲ್ನೋಟಕ್ಕೆ ಬೆಳ್ಳಗೇ ಇರುತ್ತದೆ. ಒಳಗೆ ಯಾವ ಬಣ್ಣ?

ಅಂಕೋಲಾ_ಹಂಚಿನಮನೆ:
ಒಳಗೂ ಬೆಳ್ಳಗೇ. ಅಪ್ಪ ಮನೆ ಕಟ್ಟಿಸಿದಾಗಿನ ವೈರ್. ಜಾಯಿಂಟ್ ಇರುವುದು ಹಿತ್ತಲ ಜಗುಲಿಯಲ್ಲಿ. ಟೇಪ್ ಬಿಚ್ಚಿದರೆ ಬಿಳಿ ಪುಡಿ ಉದುರಿತು. ಹೊಸ ವೈರಿನ ಸಿಪ್ಪೆ ಒಂದು ಇಂಚು ಕರಕಲಾಗಿದೆ!

ಕಾರವಾರ_ವೈರಿಂಗ್:
ಅದು ಅಲ್ಯೂಮಿನಿಯಂ. ತಾಮ್ರದ ಜೊತೆ ಸುಮ್ನೆ ತಿರುಚಿ ಟೇಪ್ ಸುತ್ತಲೇಬಾರದು. ನಮ್ಮ ಉಪ್ಪುಗಾಳಿಯ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಮೇಲೆ ಕೂರುವ ಪದರ ಕರೆಂಟ್ ಬಿಡುವುದಿಲ್ಲ. ಬಿಸಿಯಾದಾಗ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಆರಿದಾಗ ಜಾಯಿಂಟ್ ಸಡಿಲ. ಸಡಿಲ ಜಾಯಿಂಟ್ ಸುಡುತ್ತಿದ್ದರೂ ಎಂಸಿಬಿ ಬೀಳುವುದಿಲ್ಲ. ಕರೆಂಟ್ ಜಾಸ್ತಿ ಹರಿಯುತ್ತಿಲ್ಲವಲ್ಲ! ಆ ಲೈನ್ ಮತ್ತೆ ಆನ್ ಮಾಡಬೇಡಿ. ಮಕ್ಕಳು ಓಡಾಡುವ ಮನೆ ಅಲ್ವಾ.

ಕುಮಟಾ_ರೇಡಿಯೋ:
ಸೋಲ್ಡರ್ ಮಾಡಿದರೆ? ಮೇಲೆ ಬಟ್ಟೆ ಟೇಪ್. ಪಿವಿಸಿ ಟೇಪ್ ಮಳೆಗಾಲದಲ್ಲಿ ಅಂಟು ಬಿಡುತ್ತದೆ.

ಶಿರಸಿ_ತೋಟ:
ಒಳ್ಳೇ ಪಿವಿಸಿ ಟೇಪ್ ಬಿಡುವುದಿಲ್ಲ. ಬಟ್ಟೆ ಟೇಪೇ ನೀರು ಕುಡಿಯುವುದು.

ಕಾರವಾರ_ವೈರಿಂಗ್:
ಯಾವ ಟೇಪೂ ಇದಕ್ಕೆ ಮದ್ದಲ್ಲ. ಮಾಮೂಲಿ ಸೋಲ್ಡರ್ ಅಲ್ಯೂಮಿನಿಯಂಗೆ ಹಿಡಿಯುವುದೂ ಇಲ್ಲ. ಎರಡೂ ಲೋಹಕ್ಕೆ ಆಗುತ್ತದೆ ಎಂದು ಬರೆದಿರುವ ಕನೆಕ್ಟರ್ ಬೇಕು, ಒಳಗೆ ತಂತಿಗೆ ತಂತಿ ತಾಗದಂಥದ್ದು. ಅಲ್ಯೂಮಿನಿಯಂ ತುದಿ ಕೆರೆದ ಕೂಡಲೇ ಆ ಪದರ ಮತ್ತೆ ಕೂರದಂತೆ ತಡೆಯುವ ಪೇಸ್ಟ್ ಹಚ್ಚಬೇಕು. ನೀರು ಹೋಗದ ಬಾಕ್ಸ್, ಅದೂ ಬಿಚ್ಚಿ ನೋಡಲು ಕೈಗೆ ಸಿಗುವ ಜಾಗದಲ್ಲಿ. ಲೈಸೆನ್ಸ್ ಇರುವ ವೈರ್‌ಮನ್ನಿಂದಲೇ ಮಾಡಿಸಿ. ನನ್ನನ್ನು ಕೇಳಿದರೆ ಮೇನ್ ಬೋರ್ಡಿನಿಂದಲೇ ತಾಮ್ರ ಎಳೆಸಿಬಿಡಿ. ಅದೇ ದಪ್ಪದ ಅಲ್ಯೂಮಿನಿಯಂ ತಾಮ್ರದಷ್ಟು ಲೋಡ್ ತಡೆಯುವುದಿಲ್ಲ.

ಅಂಕೋಲಾ_ಹಂಚಿನಮನೆ:
ಫ್ಯೂಸ್ ತೆಗೆದಿಟ್ಟೆ. ನಾಳೆ ವೈರ್‌ಮನ್ ಬರುತ್ತಾರೆ, ಪೂರ್ತಿ ತಾಮ್ರವೇ ಹಾಕಿಸುತ್ತೇನೆ.

ಶಿರಸಿ_ತೋಟ:
ನನ್ನ ಪಂಪಿನ ಲೈನೂ ಅಲ್ಯೂಮಿನಿಯಂ. ಸ್ಟಾರ್ಟರಿನ ಟರ್ಮಿನಲ್ ಹಿತ್ತಾಳೆಯದು. ಅದಕ್ಕೂ ಹೀಗೇ ಆಗುತ್ತಾ?