ಸೋಮವಾರ ನೇಗಿಲು ಹೂಡದ ಪದ್ಧತಿಯಿಂದ ಆರೋಗ್ಯಕ್ಕೆ ಉಪಯೋಗವಿದೆಯೇ?

ಪ್ರಶ್ನೆ: ಬೆಳೆಗಾರ, ಮೂಡಿಗೆರೆ

ನಮ್ಮ ತಂದೆಯವರಿಗೆ ಈಗ 71 ವರ್ಷ. ಮನೆಯಲ್ಲಿ ಎತ್ತುಗಳಿದ್ದಷ್ಟು ಕಾಲ, ಸೋಮವಾರ ಬಸವನ ವಾರವೆಂದು ಅವರು ನೇಗಿಲು ಹೂಡುತ್ತಿರಲಿಲ್ಲ. ಅಮಾವಾಸ್ಯೆಯಂದೂ ಗದ್ದೆಗೆ ಇಳಿಯುತ್ತಿರಲಿಲ್ಲ. ಟಿಲ್ಲರ್ ಬಂದು ಎತ್ತು ಮಾರಿದ ಮೇಲೆ ಆ ಬಿಡುವೂ ಹೋಯಿತು. ಕಾಫಿ ಹಣ್ಣು ಕುಯ್ಯುವ ತಿಂಗಳುಗಳಲ್ಲಂತೂ ಏಳು ದಿನವೂ ಹಗಲು ತೋಟ, ಸಂಜೆ ತೂಕ, ರಾತ್ರಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ. ರಕ್ತದೊತ್ತಡ ಹೆಚ್ಚಾಗಿದೆ, ನಿದ್ದೆ ಕೆಟ್ಟಿದೆ. ಆ ನಿಯಮ ಎತ್ತಿನ ಸಲುವಾಗಿ ಮಾತ್ರ ಇತ್ತೇ, ಮನುಷ್ಯನ ದೇಹಕ್ಕೂ ಅದರಿಂದ ಒಳಿತಿತ್ತೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಶುಶ್ರೂಷಕಿ, ಹಾಸನ

ಈ ಮಾತು ಬಂದಾಗ ಸೆವೆಂತ್ ಡೇ ಅಡ್ವೆಂಟಿಸ್ಟ್ ಕ್ರೈಸ್ತರನ್ನು ಉದಾಹರಿಸುವುದುಂಟು. ಅವರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ದುಡಿಮೆ ನಿಲ್ಲಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವರ ಗಂಡಸರು ಅಲ್ಲಿನ ಇತರರಿಗಿಂತ ಸುಮಾರು 7 ವರ್ಷ, ಹೆಂಗಸರು 4 ವರ್ಷಕ್ಕಿಂತ ತುಸು ಹೆಚ್ಚು ಬದುಕುತ್ತಾರೆಂದು ಕಂಡುಬಂತು. ಆದರೆ ಅವರು ಸಾಮಾನ್ಯವಾಗಿ ಹೊಗೆಸೊಪ್ಪು, ಮದ್ಯ ಮುಟ್ಟುವುದಿಲ್ಲ, ಅನೇಕರು ಸಸ್ಯಾಹಾರಿಗಳು. ಆದ್ದರಿಂದ ಆಯಸ್ಸಿನ ಶ್ರೇಯಸ್ಸನ್ನೆಲ್ಲ ಬಿಡುವಿನ ದಿನಕ್ಕೇ ಕೊಡಲಾಗದು.

ಬಿಡುವಿಲ್ಲದ ದುಡಿಮೆಯ ಕೇಡು ಇದಕ್ಕಿಂತ ಸ್ಪಷ್ಟವಾಗಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ತಿಳಿಸಿದವು. ದಿನಕ್ಕೆ 8 ಗಂಟೆಯಂತೆ ಏಳು ದಿನ ದುಡಿದರೆ 56 ಗಂಟೆಯಾಗುತ್ತದೆ. ಒಂದು ದಿನ ಬಿಟ್ಟರೆ 48ಕ್ಕೆ ಇಳಿಯುತ್ತದೆ. ನಿಮ್ಮ ತಂದೆಯವರದು ರಾತ್ರಿಯ ಪಲ್ಪರ್ ಸೇರಿ ಇನ್ನೂ ಹೆಚ್ಚೇ ಇರಬೇಕು. ಬಿಡುವು ಸಿಕ್ಕಿತೆಂದು ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.

ಉತ್ತರ: ಗೃಹಿಣಿ, ಸಕಲೇಶಪುರ

ನಮ್ಮ ಊರಿನಲ್ಲಿ ಸುಗ್ಗಿ ಹಬ್ಬಕ್ಕೆ ಸಾರು ಹಾಕಿದ ಮೇಲೆ, ಅಂದರೆ ಹಬ್ಬವನ್ನು ಊರಿಗೆ ಸಾರಿದ ಮೇಲೆ, ಹಸಿ ಮರ ಕಡಿಯುವಂತಿಲ್ಲ. ಮರಕ್ಕೂ ಎತ್ತಿಗೂ ಬಿಡುವು ಕೊಟ್ಟ ಹಿರಿಯರ ಮೇಲೆ ನನಗೆ ಗೌರವವಿದೆ. ಆದರೆ ಅದೇ ದಿನಗಳಲ್ಲಿ ನೆಂಟರು ಬಂದು, ಕಡುಬು ಒಬ್ಬಟ್ಟುಗಳ ಅಡುಗೆ ಬೆಳಗಿನ ಜಾವಕ್ಕೇ ಶುರುವಾಗಿ, ನನ್ನ ಅತ್ತೆಯವರು ಹಬ್ಬ ಮುಗಿದ ಮರುದಿನ ಸೊಂಟ ಹಿಡಿದು ಮಲಗುತ್ತಿದ್ದುದನ್ನು ವರ್ಷ ವರ್ಷ ಕಂಡಿದ್ದೇನೆ. ಯೆಹೂದಿಗಳ ವಾರದ ಬಿಡುವಿನ ದಿನವಾದ ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸುವುದೂ ನಿಷಿದ್ಧವಾದ್ದರಿಂದ ಅಡುಗೆಯನ್ನು ಶುಕ್ರವಾರ ಸೂರ್ಯ ಮುಳುಗುವ ಮುನ್ನವೇ ಮುಗಿಸಿಡುತ್ತಾರೆ. ಆ ನಿಯಮ ಒಲೆಯವರೆಗೂ ತಲುಪಿದೆ. ನಿಮ್ಮ ಮನೆಯಲ್ಲಿ ಸೋಮವಾರ ಮರಳಿ ಬರುವುದಾದರೆ ತಾಯಿಯವರಿಗೂ ಬರಲಿ.

ಉತ್ತರ: ನಿವೃತ್ತ ರೈಟರ್ (ತೋಟದ ಗುಮಾಸ್ತ), ಚಿಕ್ಕಮಗಳೂರು

1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯು ತೋಟದ ಆಳುಗಳಿಗೆ ಏಳು ದಿನಕ್ಕೊಂದು ಬಿಡುವನ್ನು ಗೊತ್ತುಪಡಿಸಿತು. ತನ್ನ ತೋಟದಲ್ಲಿ ತಾನೇ ದುಡಿಯುವ ಸಣ್ಣ ಬೆಳೆಗಾರನಿಗೆ ಅಂಥ ಕಾಯ್ದೆಯಿಲ್ಲ; ಅವನಿಗಿದ್ದದ್ದು ಸೋಮವಾರವೊಂದೇ. ಆಳುಗಳು ಸಂತೆಗೆ ಹೋಗುವ ದಿನವನ್ನೇ ತಂದೆಯವರಿಗೂ ಗೊತ್ತುಮಾಡಿ. ಸುತ್ತಲಿನವರು ದುಡಿಯುವಾಗ ಒಬ್ಬರೇ ಸುಮ್ಮನೆ ಕೂರುವುದು ಕಷ್ಟ.

ಬೆಳೆಗಾರ, ಮೂಡಿಗೆರೆ

ಎಲ್ಲರಿಗೂ ಕೃತಜ್ಞತೆಗಳು. ಸಂತೆಯ ದಿನ ಬೇಡ, ಸೋಮವಾರವೇ ಆಗಬೇಕು ಎಂದು ತಂದೆಯವರು ಹೇಳುತ್ತಾರೆ. ಅಂದು ತೂಕವನ್ನೂ ಪಲ್ಪರನ್ನೂ ನಾನೇ ನೋಡಿಕೊಳ್ಳುತ್ತೇನೆ. ತಮ್ಮ ಬಿಡುವು ಬೆಳಗಿನ ರೊಟ್ಟಿಗೆ ಮೊದಲು ಶುರುವೋ ನಂತರವೋ ಎಂದು ತಾಯಿಯವರು ಕೇಳಿದರು. ಮೊದಲೇ ಎಂದು ಹೇಳಿದ್ದೇನೆ.